ಸವೆದ ಬ್ರೇಕು ಎಲ್ಲಿಗೆ ಹೋಯಿತು?

(ಘಟ್ಟದ ತಪ್ಪಲಿನ ವಾಹನ ಮಾಲಿಕರು, ಚಾಲಕರು, ಗ್ಯಾರೇಜು ಕೆಲಸಗಾರರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಪರಿಸರದ ಸಭೆಯಲ್ಲಿ ಕಾರಿನ ಬ್ರೇಕಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅಣೆಕಟ್ಟು, ಗಣಿ, ನದಿತಿರುವು, ಕಾಡ್ಗಿಚ್ಚು ಇವೆಲ್ಲ ಪರಿಸರದ ವಿಷಯಗಳೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಬ್ರೇಕ್ ಪ್ಯಾಡ್ ಸವೆಯಿತು, ಸ್ಟಿಯರಿಂಗ್ ನಡುಗಿತು ಎಂದರೆ ಅದು ಗ್ಯಾರೇಜಿನವರಿಗೂ ಮಾಲಿಕನ ಕಿಸೆಗೂ ಸಂಬಂಧಿಸಿದ ಸಂಗತಿ ಎಂದು ಬದಿಗೆ ಸರಿಸುವುದೇ ರೂಢಿ. ಆದರೆ ಒಂದು ಸರಳ ಪ್ರಶ್ನೆಯನ್ನು ಕೇಳಿನೋಡಬಹುದು. ಹೊಸದಾಗಿ ಜೋಡಿಸಿದಾಗ ಸುಮಾರು 10 ಮಿಲಿಮೀಟರ್ ದಪ್ಪವಿದ್ದ ಪ್ಯಾಡಿನ ಉಜ್ಜುವಸ್ತು, ಕಳಚಿ ತೆಗೆಯುವಾಗ ಎರಡೋ ಮೂರೋ ಮಿಲಿಮೀಟರ್ ಮಾತ್ರ ಉಳಿದಿರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು?

ಅದು ಆವಿಯಾಗಿ ಮಾಯವಾಗಲಿಲ್ಲ. ಪುಡಿಯಾಗಿ ರಸ್ತೆಯ ಮೇಲೆ ಬಿತ್ತು, ಗಾಳಿಯಲ್ಲಿ ತೇಲಿತು, ಚಕ್ರಕ್ಕೆ ಅಂಟಿತು, ಮಳೆ ಬಂದಾಗ ಚರಂಡಿಗೆ ಇಳಿಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರಿಗೆ ಈ ಪ್ರಶ್ನೆ ದೂರದ್ದಲ್ಲ. ಏಕೆಂದರೆ ಇಲ್ಲಿ ರಸ್ತೆಯ ಚರಂಡಿ ತೋಡಿಗೆ ಸೇರುತ್ತದೆ, ತೋಡು ಹೊಳೆಗೆ ಸೇರುತ್ತದೆ, ಹೊಳೆಯ ನೀರನ್ನು ಜನ ಕುಡಿಯುತ್ತಾರೆ.

ಒಂದೇ ಇಳಿಜಾರಿನ ಊರುಗಳು

ಈ ಮೂರು ಊರುಗಳ ಭೂಗೋಳವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಅಗತ್ಯ. ಮಂಗಳೂರಿನಿಂದ ಬರುವ ಹೆದ್ದಾರಿ ಬಿ.ಸಿ. ರೋಡಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಉಪ್ಪಿನಂಗಡಿಯ ಮೂಲಕ ಶಿರಾಡಿ ಘಾಟಿಗೆ ಹೋದರೆ, ರಾಷ್ಟ್ರೀಯ ಹೆದ್ದಾರಿ 73 ಎಂದು ಕರೆಯಲಾಗುವ ಮತ್ತೊಂದು ಕವಲು ಬಂಟ್ವಾಳ, ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಮುಂಡಾಜೆಗಳನ್ನು ದಾಟಿ ಚಾರ್ಮಾಡಿ ಘಾಟಿಯನ್ನು ಏರಿ ಕೊಟ್ಟಿಗೆಹಾರವನ್ನು ತಲುಪುತ್ತದೆ. ಗುರುವಾಯನಕೆರೆಯಿಂದ ಇನ್ನೊಂದು ರಸ್ತೆ ವೇಣೂರಿನ ಮೂಲಕ ಮೂಡುಬಿದಿರೆಗೆ ಹೋಗುತ್ತದೆ. ಘಟ್ಟದ ಮೇಲಿನಿಂದ ಇಳಿದ ವಾಹನ ಕರಾವಳಿಯ ಯಾವ ಮೂಲೆಗೆ ಹೊರಟಿದ್ದರೂ ಈ ಮೂರರಲ್ಲಿ ಒಂದನ್ನಾದರೂ ಮುಟ್ಟುವುದೇ ಹೆಚ್ಚು.

ನೀರಿನ ದಾರಿಯೂ ಹೆಚ್ಚು ಕಡಿಮೆ ಇದೇ ಆಗಿದೆ. ಚಾರ್ಮಾಡಿಯ ಕಣಿವೆಗಳ ನೀರು ಮೃತ್ಯುಂಜಯ ಹೊಳೆಯಾಗಿ ಬೆಳ್ತಂಗಡಿ ತಾಲೂಕಿನಲ್ಲೇ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿರುವ ಕಿಂಡಿ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. ವೇಣೂರಿನ ಗೊಮ್ಮಟನ ಪಾದದ ಬಳಿ ಹರಿಯುವ ಫಲ್ಗುಣಿಯದು ಬೇರೆಯೇ ಕಣಿವೆಯಾದರೂ ಕಥೆ ಒಂದೇ. ರಸ್ತೆ ಇಳಿಯುವ ದಿಕ್ಕಿಗೇ ನೀರೂ ಇಳಿಯುತ್ತದೆ.

ಈ ದಾರಿಗಳ ಮೇಲಿನ ಹೊರೆ ಒಂದೇ ಸಮನಾಗಿರುವುದಿಲ್ಲ. 2018ರಲ್ಲಿ ಶಿರಾಡಿ ಘಾಟಿಯನ್ನು ಕಾಂಕ್ರೀಟು ಕಾಮಗಾರಿಗಾಗಿ ಮುಚ್ಚಿದಾಗ ಅಲ್ಲಿನ ವಾಹನಗಳಲ್ಲಿ ಹಲವು ಚಾರ್ಮಾಡಿಗೆ ತಿರುಗಿದವು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲೇ ಹಲವೆಡೆ ಗುಡ್ಡ ಕುಸಿದು ಸಂಚಾರ ಕಡಿದುಹೋಯಿತು. ಒಂದು ಘಾಟಿ ಮುಚ್ಚಿದರೆ ಇನ್ನೊಂದರ ಬ್ರೇಕುಗಳೆಲ್ಲ ಬಿಸಿಯಾಗುತ್ತವೆ ಎಂಬುದನ್ನು ಈ ಎರಡು ವರ್ಷಗಳು ತೋರಿಸಿಕೊಟ್ಟವು.

ಹಂಡೆಯ ನೀರು ಕುದಿಯುವಷ್ಟು ಶಾಖ

ಬ್ರೇಕು ಮಾಡುವ ಕೆಲಸ ಒಂದೇ. ಅದು ಚಲನೆಯನ್ನು ಶಾಖವನ್ನಾಗಿ ಬದಲಿಸುತ್ತದೆ. ಪೆಡಲನ್ನು ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡ ಕ್ಯಾಲಿಪರಿನೊಳಗಿನ ಪಿಸ್ಟನನ್ನು ತಳ್ಳುತ್ತದೆ. ಪಿಸ್ಟನು ಎರಡು ಪ್ಯಾಡುಗಳ ನಡುವೆ ತಿರುಗುವ ಎರಕದ ಕಬ್ಬಿಣದ ಡಿಸ್ಕನ್ನು ಅಮುಕಿ ಹಿಡಿಯುತ್ತದೆ. ಉಜ್ಜಾಟದಿಂದ ಶಾಖ ಹುಟ್ಟುತ್ತದೆ, ಡಿಸ್ಕು ಆ ಶಾಖವನ್ನು ಗಾಳಿಗೆ ಬಿಡುತ್ತದೆ. ಇಲ್ಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ತಡೆಯುವ ಭಾರದಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ.

ಎಷ್ಟು ಶಾಖ? ಜನರೂ ಸಾಮಾನೂ ಸೇರಿ 1,200 ಕಿಲೋ ತೂಗುವ ಕಾರೊಂದು 700 ಮೀಟರ್ ಎತ್ತರವನ್ನು ಇಳಿಯಿತೆಂದು ಹಿಡಿಯಬಹುದು. ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 82 ಲಕ್ಷ ಜೂಲ್. ಬಚ್ಚಲಿನ ಹಂಡೆಯಲ್ಲಿ 28 ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಶಾಖ ಅದು. ಹದಿನಾರು ಟನ್ನಿನ ಲಾರಿಯಾದರೆ ಅದೇ ಇಳಿತಕ್ಕೆ ಸುಮಾರು 370 ಲೀಟರ್ ನೀರು ಕುದಿಯುತ್ತದೆ. ಇದರಲ್ಲಿ ಒಂದು ಪಾಲನ್ನು ಎದುರುಗಾಳಿಯೂ ಟೈರುಗಳೂ ನುಂಗುತ್ತವೆ. ಉಳಿದುದನ್ನು ಹಂಚಿಕೊಳ್ಳಬೇಕಾದವು ಎರಡೇ: ಎಂಜಿನ್ ಮತ್ತು ಬ್ರೇಕು. ಚಾಲಕ ಗೇರನ್ನು ನ್ಯೂಟ್ರಲಿಗೆ ತಳ್ಳಿದನೆಂದರೆ ಎಂಜಿನ್ ಆ ಪಾಲಿನಿಂದ ಹೊರಗುಳಿಯುತ್ತದೆ. ಎಲ್ಲವೂ ಅಂಗೈಯಗಲದ ನಾಲ್ಕು ಪ್ಯಾಡುಗಳ ತಲೆಗೆ ಬರುತ್ತದೆ.

ಊರಿನ ರಸ್ತೆಯಲ್ಲಿ ಡಿಸ್ಕಿನ ಶಾಖ ನೂರು ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಘಾಟಿಯಲ್ಲಿ ಪೆಡಲಿನ ಮೇಲೆ ಕಾಲಿಟ್ಟೇ ಇಳಿದರೆ ಅದು 300 ಡಿಗ್ರಿಯನ್ನು ದಾಟಿ ಮೇಲೇರುತ್ತದೆ. ಪ್ಯಾಡಿನೊಳಗಿನ ಪುಡಿಗಳನ್ನು ಹಿಡಿದಿಡುವ ರಾಳ ಆಗ ಸುಡಲಾರಂಭಿಸುತ್ತದೆ. ಘಾಟಿಯ ತಿರುವುಗಳಲ್ಲಿ ಮೂಗಿಗೆ ಬಡಿಯುವ ಆ ಕಮಟು ವಾಸನೆ ರಾಳದ್ದೇ. ಹಿಡಿತ ಕುಸಿಯುತ್ತದೆ, ಸವೆತ ಬೆಳೆಯುತ್ತದೆ. ಇನ್ನೊಂದು ಸಂಗತಿ ಕಣ್ಣಿಗೆ ಕಾಣದು. ಶಾಖ ಸುಮಾರು 160ರಿಂದ 200 ಡಿಗ್ರಿಯ ಮಿತಿಯನ್ನು ದಾಟಿದ ಮೇಲೆ ಬ್ರೇಕಿನಿಂದ ಹೊರಡುವ ಅತಿಸೂಕ್ಷ್ಮ ಕಣಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ ಎಂಬುದನ್ನು ಪ್ರಯೋಗಾಲಯಗಳು ಕಂಡುಕೊಂಡಿವೆ. ಒಂದೇ ಕಾರು, ಒಂದೇ ಪ್ಯಾಡು ಇದ್ದರೂ ಇಳಿಸುವ ಕ್ರಮ ಬೇರೆಯಾದರೆ ಹೊರಬೀಳುವ ಧೂಳೂ ಬೇರೆಯಾಗುತ್ತದೆ.

ನಡುಕದ ನಿಜವಾದ ಕಾರಣ

ಘಾಟಿ ಇಳಿದು ಬಂದ ಕಾರು ಮರುದಿನ ಹೆದ್ದಾರಿಯಲ್ಲಿ ಬ್ರೇಕು ಒತ್ತಿದಾಗ ಸ್ಟಿಯರಿಂಗನ್ನು ನಡುಗಿಸುತ್ತದೆ ಎಂಬ ದೂರು ಈ ಭಾಗದ ಗ್ಯಾರೇಜುಗಳಿಗೆ ಹೊಸತಲ್ಲ. "ಡಿಸ್ಕು ಬೆಂಡಾಗಿದೆ" ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ನಿಜದಲ್ಲಿ ಡಿಸ್ಕು ತಟ್ಟೆಯ ಹಾಗೆ ಬಾಗುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಡಿಸ್ಕಿನ ದಪ್ಪ ಎಲ್ಲೆಡೆಯೂ ಸಮವಾಗಿಲ್ಲದಿರುವುದು. ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ವ್ಯತ್ಯಾಸವಿದ್ದರೂ ಕೈಗೆ ನಡುಕ ತಿಳಿಯುತ್ತದೆ. ದಪ್ಪವಾದ ಜಾಗ ಪ್ಯಾಡಿನಡಿ ಬಂದಾಗಲೆಲ್ಲ ಪ್ಯಾಡು ಹಿಂದಕ್ಕೆ ತಳ್ಳಲ್ಪಟ್ಟು ಪೆಡಲಿಗೂ ಸ್ಟಿಯರಿಂಗಿಗೂ ಒಂದು ಬಡಿತ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ತಿರುಗುತ್ತದೆ. ಒಂದು ದಪ್ಪ ಜಾಗವಿದ್ದರೆ ಸೆಕೆಂಡಿಗೆ ಒಂಬತ್ತು ಬಡಿತ, ಎರಡಿದ್ದರೆ ಹದಿನೆಂಟು. ನಡುಕವೆಂದರೆ ಇದೇ.

ದಪ್ಪ ಏಕೆ ಬದಲಾಗುತ್ತದೆ? ಕಾರಣಗಳು ನಾಲ್ಕು.

ಮೊದಲನೆಯದು, ಕಾದ ಪ್ಯಾಡಿನ ವಸ್ತು ಡಿಸ್ಕಿಗೆ ಅಂಟಿಕೊಳ್ಳುವುದು. ಘಾಟಿಯನ್ನು ಇಳಿದ ವಾಹನ ಚಾರ್ಮಾಡಿಯ ತನಿಖಾ ಠಾಣೆಯಲ್ಲೋ ಚಹಾದ ಅಂಗಡಿಯ ಮುಂದೆಯೋ ನಿಲ್ಲುತ್ತದೆ. ಚಾಲಕ ಪೆಡಲನ್ನು ಒತ್ತಿ ಹಿಡಿದೇ ಇರುತ್ತಾನೆ. ಕೆಂಡದಂತಿರುವ ಡಿಸ್ಕಿನ ಒಂದೇ ಜಾಗಕ್ಕೆ ಪ್ಯಾಡು ಒತ್ತಿಕೊಂಡು ತನ್ನ ಅಚ್ಚನ್ನು ಬಿಡುತ್ತದೆ. ಮುಂದೆ ಅದೇ ಅಚ್ಚು ನಡುಕದ ಬೀಜವಾಗುತ್ತದೆ.

ಎರಡನೆಯದು ತುಕ್ಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಎರಕದ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಮೇಲ್ಮೈಯ ತೆಳು ತುಕ್ಕು ನಾಲ್ಕಾರು ಬಾರಿ ಬ್ರೇಕು ಒತ್ತಿದರೆ ಹೋಗುತ್ತದೆ. ಒದ್ದೆಯಾದ ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಪ್ಯಾಡು ಕುಳಿತ ಜಾಗ ಒಂದು ಬಗೆ, ಉಳಿದ ಜಾಗ ಇನ್ನೊಂದು ಬಗೆ ತುಕ್ಕು ಹಿಡಿದು ಡಿಸ್ಕು ಅಸಮವಾಗುತ್ತದೆ.

ಮೂರನೆಯದು ಜೋಡಣೆಯ ಅವಸರ. ಹಬ್ಬಿನ ಮೇಲಿನ ತುಕ್ಕನ್ನು ಉಜ್ಜದೆ ಹೊಸ ಡಿಸ್ಕನ್ನು ಕೂರಿಸಿದರೆ, ಚಕ್ರದ ಬೋಲ್ಟುಗಳನ್ನು ಒಂದೊಂದನ್ನು ಒಂದೊಂದು ಬಿಗಿತಕ್ಕೆ ತಿರುಗಿಸಿದರೆ ಡಿಸ್ಕು ಓಲಾಡುತ್ತ ತಿರುಗುತ್ತದೆ. ಓಲಾಟ ಮೊದಲ ದಿನ ಗೊತ್ತಾಗದು. ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಪ್ಯಾಡಿಗೆ ತಗಲುವ ಬದಿ ತೆಳುವಾಗಿ ನಡುಕ ಶುರುವಾಗುತ್ತದೆ. ಡಿಸ್ಕನ್ನು ಬದಲಿಸಿದರೂ ನಡುಕ ಮರಳಿ ಬಂತೆಂದರೆ ತಪ್ಪು ಬಹುಮಟ್ಟಿಗೆ ಇಲ್ಲಿರುತ್ತದೆ.

ನಾಲ್ಕನೆಯದು ಕ್ಯಾಲಿಪರಿನ ಜಾರುಪಿನ್ನುಗಳು ಕಚ್ಚಿಕೊಳ್ಳುವುದು. ಮಳೆಗಾಲದ ನೀರು ಮತ್ತು ಕೆಸರಿಗೆ ಪಿನ್ನಿನ ರಬ್ಬರು ಹರಿದು ಒಳಗೆ ತುಕ್ಕು ಹಿಡಿದರೆ ಪ್ಯಾಡು ಹಿಂದೆ ಸರಿಯುವುದಿಲ್ಲ. ಪೆಡಲನ್ನು ಬಿಟ್ಟ ಮೇಲೂ ಬ್ರೇಕು ಉಜ್ಜುತ್ತಲೇ ಇರುತ್ತದೆ. ಒಂದು ಪ್ಯಾಡು ಬೇಗ ಸವೆಯುತ್ತದೆ, ಆ ಚಕ್ರ ಬಿಸಿಯಾಗುತ್ತದೆ, ಮೈಲೇಜು ಕಡಿಮೆಯಾಗುತ್ತದೆ. ಅಂದರೆ ಬೇಡದ ಉಜ್ಜಾಟಕ್ಕಾಗಿ ಪೆಟ್ರೋಲನ್ನೂ ಸುಟ್ಟಂತಾಗುತ್ತದೆ.

ಇವಕ್ಕೆ ಇಲ್ಲಿನ ಮಣ್ಣಿನ ಕಾಣಿಕೆಯೂ ಸೇರುತ್ತದೆ. ಮೂರೂ ಊರುಗಳ ಸುತ್ತ ಕೆಂಪುಕಲ್ಲಿನ ಕೋರೆಗಳಿವೆ. ಮುರಕಲ್ಲಿನ ಧೂಳಿನಲ್ಲಿರುವ ಗಟ್ಟಿ ಕಣಗಳು ಪ್ಯಾಡು ಮತ್ತು ಡಿಸ್ಕಿನ ನಡುವೆ ಸಿಕ್ಕಿಕೊಂಡರೆ ಉಪ್ಪುಕಾಗದದಂತೆ ಗೀರುತ್ತವೆ. ಡಿಸ್ಕಿನ ಮೇಲೆ ಗ್ರಾಮಫೋನ್ ತಟ್ಟೆಯಲ್ಲಿರುವಂಥ ಗೆರೆಗಳು ಮೂಡುವುದು ಹೀಗೆ.

ನಡುಕಗಳನ್ನೆಲ್ಲ ಬ್ರೇಕಿನ ತಲೆಗೆ ಕಟ್ಟುವುದೂ ಸರಿಯಲ್ಲ. ಬ್ರೇಕು ಒತ್ತದೆಯೂ ಸ್ಟಿಯರಿಂಗ್ ನಡುಗುತ್ತಿದ್ದರೆ ಚಕ್ರದ ಬ್ಯಾಲೆನ್ಸಿಂಗನ್ನೋ ಟೈರನ್ನೋ ನೋಡಬೇಕು. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಪೆಡಲು ಪಟಪಟನೆ ಬಡಿದುಕೊಂಡರೆ ಅದು ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. ಆಗ ಹೆದರಿ ಕಾಲನ್ನು ತೆಗೆಯಬಾರದು.

ಒಂದು ಕಾರಿನ ಲೆಕ್ಕ

ಮೊದಲ ಪ್ರಶ್ನೆಗೆ ಮರಳಬೇಕು. ಸಣ್ಣ ಕಾರಿನ ಒಂದು ಪ್ಯಾಡಿನ ಉಜ್ಜುವ ಮುಖ ಸುಮಾರು 35 ಚದರ ಸೆಂಟಿಮೀಟರ್ ಎಂದು ಹಿಡಿದರೆ, ಎಂಟು ಮಿಲಿಮೀಟರ್ ಸವೆದಾಗ ಹೋದದ್ದು ಸುಮಾರು 70 ಗ್ರಾಂ. ಮುಂದಿನ ನಾಲ್ಕು ಪ್ಯಾಡಿಗೆ 280 ಗ್ರಾಂ. ಡಿಸ್ಕು ಎರಡು ಮಿಲಿಮೀಟರ್ ತೆಳುವಾದರೆ ಪ್ರತಿಯೊಂದರಿಂದ ಸುಮಾರು 400 ಗ್ರಾಂ ಕಬ್ಬಿಣ ಹೋಗಿರುತ್ತದೆ. ಎರಡು ಜೊತೆ ಪ್ಯಾಡು, ಒಂದು ಜೊತೆ ಡಿಸ್ಕು ಮುಗಿಯುವಷ್ಟರಲ್ಲಿ ಒಂದೇ ಕಾರು ತನ್ನ ಮುಂಚಕ್ರಗಳಿಂದಲೇ ಒಂದು ಕಿಲೋಗಿಂತ ಹೆಚ್ಚು ಲೋಹವನ್ನೂ ಪುಡಿಯನ್ನೂ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಈ ಪುಡಿಯಲ್ಲಿ ಅರ್ಧಕ್ಕೆ ತುಸು ಕಡಿಮೆ ಗಾಳಿಯಲ್ಲಿ ತೇಲುವಷ್ಟು ಸಣ್ಣದು. ಉಳಿದದ್ದು ರಸ್ತೆಗೂ ಅದರ ಅಂಚಿಗೂ ಬೀಳುತ್ತದೆ. ಒಬ್ಬನ ಪಾಲಿಗೆ ಇದು ಅಲ್ಪ. ಸಾವಿರಾರು ವಾಹನಗಳು, ಅದೂ ನಿತ್ಯ ಅದೇ ತಿರುವಿನಲ್ಲಿ ಬ್ರೇಕು ಒತ್ತುವಾಗ ಅಲ್ಪವೆನ್ನಲಾಗದು.

ಪುಡಿಯಲ್ಲಿ ಇರುವುದೇನು? ಡಿಸ್ಕಿನಿಂದ ಬಂದ ಕಬ್ಬಿಣವೇ ಹೆಚ್ಚು. ಪ್ಯಾಡಿನ ಮಿಶ್ರಣಕ್ಕೆ ತಕ್ಕಂತೆ ತಾಮ್ರ, ಸತು, ಬೇರಿಯಂ, ಆಂಟಿಮನಿ, ಗ್ರಾಫೈಟು, ರಾಳ, ನಾರು. ಹಿಂದೆ ಕಲ್ನಾರೂ ಇತ್ತು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಮೇಲೆ ಹೆಸರಾಂತ ತಯಾರಕರು ಅದನ್ನು ಕೈಬಿಟ್ಟರು. ಆದರೆ ಭಾರತದಲ್ಲಿ ಬಿಳಿ ಕಲ್ನಾರಿನ ಬಳಕೆ ಪೂರ್ತಿಯಾಗಿ ನಿಂತಿಲ್ಲ. ಹೆಸರಿಲ್ಲದ ಅಗ್ಗದ ಪ್ಯಾಡು, ಲೈನರುಗಳನ್ನು ಕೊಳ್ಳುವಾಗ ಈ ಎಚ್ಚರ ಇರಬೇಕಾದುದು ಅಗತ್ಯ.

ಹೊರದೇಶದ ಒಂದು ಪಾಠ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿನಲ್ಲಿ ತಾಮ್ರದ ಅಂಶ ಹೆಚ್ಚಾಗಿರುವುದನ್ನು 1990ರ ದಶಕದಲ್ಲಿ ಗಮನಿಸಿದವರು ಮೂಲವನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಯಾವುದೋ ಕಾರ್ಖಾನೆಯ ಕೊಳವೆಯೊಂದೇ ಅಲ್ಲ. ರಸ್ತೆಗಳಿಂದ ಮಳೆನೀರಿನೊಡನೆ ಬಂದ ಬ್ರೇಕಿನ ಧೂಳು ದೊಡ್ಡ ಪಾಲುಗಾರನಾಗಿತ್ತು. ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಾಲ್ಮನ್ ಮೀನಿನ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ವಾಸನೆ ಹಿಡಿಯಲಾಗದ ಮೀನು ಶತ್ರುವನ್ನು ಅರಿಯಲಾರದು. ಪರಿಸರದವರು, ಪ್ಯಾಡು ತಯಾರಕರು, ನಗರಾಡಳಿತಗಳು ಒಂದೇ ಮೇಜಿಗೆ ಕೂತು ವರ್ಷಗಟ್ಟಲೆ ಲೆಕ್ಕ ಹಾಕಿದರು. ಅದರ ಫಲವಾಗಿ 2010ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು ಕಾನೂನು ಮಾಡಿದವು. ಪ್ಯಾಡಿನಲ್ಲಿ ತಾಮ್ರ 2021ರಿಂದ ಶೇಕಡಾ 5ನ್ನು, ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಶೇಕಡಾ 0.5ನ್ನು ಮೀರುವಂತಿಲ್ಲ. ಅಲ್ಲಿನ ಪ್ಯಾಡುಗಳ ಅಂಚಿನಲ್ಲಿ ಎ, ಬಿ, ಎನ್ ಎಂಬ ಅಕ್ಷರ ಗುರುತುಗಳಿರುತ್ತವೆ. ಎನ್ ಎಂದರೆ ತಾಮ್ರ ಇಲ್ಲವೆನ್ನುವಷ್ಟು ಕಡಿಮೆ.

ಯುರೋಪು ಇನ್ನೊಂದು ಹೆಜ್ಜೆ ಇಟ್ಟಿದೆ. 2024ರಲ್ಲಿ ಅಂಗೀಕಾರವಾದ ಯೂರೋ 7 ನಿಯಮ ಹೊಗೆಕೊಳವೆಯ ಜೊತೆಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ. ಪೆಟ್ರೋಲ್, ಡೀಸೆಲ್, ಹೈಬ್ರಿಡ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ಣ ವಿದ್ಯುತ್ ಕಾರುಗಳಿಗೆ 3 ಮಿಲಿಗ್ರಾಂ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಹೊಗೆಯನ್ನು ಅಳೆಯುತ್ತದೆ, ಬ್ರೇಕಿನ ಧೂಳನ್ನು ಅಳೆಯುವುದಿಲ್ಲ. ಹೊಗೆ ಶುದ್ಧವಾದಷ್ಟೂ ವಾಹನಗಳ ಕೊಳೆಯಲ್ಲಿ ಬ್ರೇಕು ಮತ್ತು ಟೈರಿನ ಪಾಲು ದೊಡ್ಡದಾಗುತ್ತ ಹೋಗುತ್ತದೆ.

ಶಿಶಿಲದ ದೇವರ ಮೀನುಗಳಿಗೆ ಅಕ್ಕಿ, ಹೊದಳು ಹಾಕಿ ಕೈಮುಗಿಯುವ ನಾಡು ಇದು. ಮೀನನ್ನು ಕಾಪಾಡಬೇಕೆಂಬ ಭಾವನೆಯನ್ನು ಇಲ್ಲಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಆ ಭಾವನೆ ದೇವಸ್ಥಾನದ ಮೆಟ್ಟಿಲಿನಿಂದ ಆಚೆಗೆ, ಹೆದ್ದಾರಿಯ ಚರಂಡಿಯವರೆಗೆ ಬರಬೇಕಾಗಿದೆ.

ಧೂಳಿಗೆ ಮೊದಲು ಮೂಗೊಡ್ಡುವವರು

ನೀರಿಗಿಂತ ಮೊದಲು ಈ ಧೂಳು ಮನುಷ್ಯರನ್ನು ಮುಟ್ಟುತ್ತದೆ. ಶಿವರಾತ್ರಿಯ ಹೊತ್ತಿಗೆ ಘಟ್ಟದ ಮೇಲಿನ ಸಾವಿರಾರು ಭಕ್ತರು ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಚಾರ್ಮಾಡಿಯನ್ನು ಇಳಿಯುತ್ತಾರೆ. ಅವರ ಮಗ್ಗುಲಲ್ಲೇ ಬಸ್ಸು, ಲಾರಿ, ಕಾರುಗಳು ಬ್ರೇಕು ಸುಡುತ್ತ ಇಳಿಯುತ್ತವೆ. ಏದುಸಿರು ಬಿಡುವವನು ಕುಳಿತವನಿಗಿಂತ ಹೆಚ್ಚು ಗಾಳಿಯನ್ನು ಒಳಕ್ಕೆಳೆಯುತ್ತಾನೆ.

ಅವರಿಗಿಂತ ಹತ್ತಿರ ಇರುವವನು ಗ್ಯಾರೇಜಿನ ಹುಡುಗ. ಚಕ್ರ ಕಳಚಿದೊಡನೆ ಗಾಳಿಯ ಪೈಪು ಹಿಡಿದು ಡ್ರಮ್ಮಿನೊಳಗಿನ ಧೂಳನ್ನು ಊದಿ ಹಾರಿಸುವುದು ಎಲ್ಲೆಡೆಯ ಪದ್ಧತಿ. ವರ್ಷವಿಡೀ ಸಂಗ್ರಹವಾದ ಪುಡಿ ಅರೆಗಳಿಗೆಯಲ್ಲಿ ಅವನ ಎದೆಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರೆ ಖರ್ಚೇನೂ ಇಲ್ಲ. ಮೂಗಿಗೆ ಒಳ್ಳೆಯ ಮಾಸ್ಕು ಕೊಟ್ಟರೆ ಮಾಲಿಕನಿಗೆ ಬರುವ ನಷ್ಟ ಒಂದು ಊಟದ ಬೆಲೆಗಿಂತ ಹೆಚ್ಚಲ್ಲ.

ಮಾಡಬಹುದಾದದ್ದು

ಚಾಲಕರಿಗೆ ಮೊದಲ ಮಾತು. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಹಳೆಯ ಲಾರಿ ಚಾಲಕರ ಈ ನಿಯಮವನ್ನು ಹೊಸ ಕಾರುಗಳು ಸುಳ್ಳು ಮಾಡಿಲ್ಲ. ಆಟೋಮ್ಯಾಟಿಕ್ ಕಾರುಗಳಲ್ಲೂ ಎಲ್, ಎಸ್ ಅಥವಾ ಮ್ಯಾನ್ಯುಯಲ್ ಎಂಬ ಸ್ಥಾನಗಳಿರುವುದು ಇದಕ್ಕಾಗಿಯೇ. ನ್ಯೂಟ್ರಲಿನಲ್ಲಿ ಇಳಿದರೆ ಪೆಟ್ರೋಲು ಉಳಿಯುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ನಂಬಿಕೆ. ಈಗಿನ ಎಂಜಿನುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಾದರೋ ಎಂಜಿನನ್ನು ಜೀವಂತ ಇಡಲು ಇಂಧನ ಬೇಕು. ಎಂಜಿನನ್ನೇ ಆರಿಸಿ ಇಳಿಯುವುದಂತೂ ಪ್ರಾಣಾಪಾಯ. ಬ್ರೇಕಿಗೆ ಬಲ ಕೊಡುವ ಬೂಸ್ಟರು ಆಗ ಎರಡು ಮೂರು ಒತ್ತಿಗೇ ಬರಿದಾಗುತ್ತದೆ.

ಪೆಡಲಿನ ಮೇಲೆ ಸದಾ ಕಾಲಿಟ್ಟಿರುವ ಬದಲು ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಡಿಸ್ಕು ತಣಿಯುತ್ತದೆ. ಘಾಟಿ ಮುಗಿದ ಮೇಲೆ ಸಮತಟ್ಟಿನಲ್ಲಿ ಎರಡು ಮೂರು ಕಿಲೋಮೀಟರ್ ಬ್ರೇಕು ಮುಟ್ಟದೆ ಓಡಿಸಿ ಚಹಾವನ್ನು ಮುಂಡಾಜೆಯಲ್ಲೋ ಉಜಿರೆಯಲ್ಲೋ ಕುಡಿದರೆ ಡಿಸ್ಕಿನ ಮೇಲೆ ಅಚ್ಚು ಬೀಳುವುದಿಲ್ಲ. ಕಾದ ಚಕ್ರಕ್ಕೆ ತಣ್ಣೀರು ಎರಚಬಾರದು. ಎರಕದ ಕಬ್ಬಿಣ ಬಿರುಕು ಬಿಡಬಹುದು.

ವಿದ್ಯುತ್ ಕಾರುಗಳವರಿಗೂ ಒಂದು ಮಾತಿದೆ. ಆ ಕಾರುಗಳು ಇಳಿಯುವಾಗ ಮೋಟಾರಿನಿಂದಲೇ ತಡೆದು ಬ್ಯಾಟರಿಗೆ ಶಕ್ತಿ ತುಂಬುವುದರಿಂದ ಪ್ಯಾಡು ಕಡಿಮೆ ಸವೆಯುತ್ತದೆ. ಆದರೆ ಘಟ್ಟದ ಮೇಲೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿದರೆ ಆ ಶಕ್ತಿಗೆ ಜಾಗವೇ ಇರುವುದಿಲ್ಲ, ಭಾರವೆಲ್ಲ ಮತ್ತೆ ಬ್ರೇಕಿಗೇ ಬರುತ್ತದೆ. ತುಸು ಖಾಲಿ ಬಿಟ್ಟು ಇಳಿಯುವುದು ಜಾಣತನ. ಟೈರಿನ ಸವೆತ ಮಾತ್ರ ಅವುಗಳಿಗೂ ತಪ್ಪಿದ್ದಲ್ಲ.

ಮಾಲಿಕರು ಮಳೆಗಾಲಕ್ಕೆ ಮುನ್ನವೂ ಮಳೆಗಾಲ ಮುಗಿದ ಮೇಲೂ ಬ್ರೇಕನ್ನು ಬಿಚ್ಚಿಸಿ ನೋಡಿಸಬೇಕು. ಪ್ಯಾಡು ಮೂರು ಮಿಲಿಮೀಟರಿಗೆ ಬಂದರೆ ಬದಲಿಸಬೇಕು. ಕೀರಲು ಸದ್ದು ಬರುವುದು ಆ ಸೂಚನೆ ಕೊಡಲೆಂದೇ. ಅಲಕ್ಷಿಸಿದರೆ ಪ್ಯಾಡಿನ ಕಬ್ಬಿಣದ ಬೆನ್ನೇ ಡಿಸ್ಕನ್ನು ತಿನ್ನತೊಡಗುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದು ಗುಳ್ಳೆಯಾದರೆ ಪೆಡಲು ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ವಾಹನ ನಿಲ್ಲುವುದಿಲ್ಲ. ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬಾರದು.

ಗ್ಯಾರೇಜಿನವರು "ಬೆಂಡಾಗಿದೆ" ಎನ್ನುವ ಮುನ್ನ ಡಯಲ್ ಗೇಜಿನಿಂದ ಓಲಾಟವನ್ನೂ ಮೈಕ್ರೋಮೀಟರಿನಿಂದ ದಪ್ಪವನ್ನೂ ಅಳೆಯುವ ಅಭ್ಯಾಸ ಮಾಡಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ದಪ್ಪ ಉಳಿಯುವುದಾದರೆ ಲೇತಿಗೆ ಕೊಟ್ಟು ಸಮ ಮಾಡಿಸಬಹುದು, ಹೊಸದನ್ನು ಕೊಳ್ಳಬೇಕಾಗಿಲ್ಲ. ಹೊಸ ಪ್ಯಾಡು ಹಾಕಿದ ಮೇಲೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹಿತವಾಗಿ ಒತ್ತಿ ಪಳಗಿಸಬೇಕೆಂದು ಗಿರಾಕಿಗೆ ಹೇಳಿ ಕಳಿಸುವುದು ಅವರ ಕರ್ತವ್ಯ. ಪ್ಯಾಡು ಹಾಕಿಸಿದ ದಿನವೇ ಘಾಟಿ ಇಳಿಯುವುದು ಹೊಸ ಪ್ಯಾಡನ್ನು ಹಾಳುಮಾಡುವ ಅತಿ ಸುಲಭದ ದಾರಿ. ಹಳೆಯ ಡಿಸ್ಕು ಗುಜರಿಗೆ ಹೋಗುತ್ತದೆ, ಅದು ಸರಿ. ಹಳೆಯ ಪ್ಯಾಡನ್ನು ಹಿತ್ತಿಲ ಗುಂಡಿಗೆ ಎಸೆಯುವುದು, ಹಳೆಯ ಆಯಿಲನ್ನು ತೋಡಿಗೆ ಸುರಿಯುವುದು ಸರಿಯಲ್ಲ. ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತ ವಿಲೇವಾರಿಯವರಿಗೆ ಕೊಡುವ ವ್ಯವಸ್ಥೆಯನ್ನು ಊರಿನ ಗ್ಯಾರೇಜುಗಳೆಲ್ಲ ಒಟ್ಟಾಗಿ ಮಾಡಿಕೊಳ್ಳಬಹುದು. ಹೊಳೆಗೆ ವಾಹನ ಇಳಿಸಿ ಚಕ್ರ ತೊಳೆಯುವ ಅಭ್ಯಾಸವಂತೂ ನಿಲ್ಲಲೇಬೇಕು.

ಸರಕಾರದಿಂದ ಕೇಳಬೇಕಾದುದೂ ಇದೆ. ಹೆದ್ದಾರಿ ಅಗಲವಾದರೆ ವೇಗ ಹೆಚ್ಚುತ್ತದೆ, ವೇಗ ಇಮ್ಮಡಿಯಾದರೆ ತಡೆಯಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಹೀಗಿರುವಾಗ ರಸ್ತೆಯ ನಕ್ಷೆಯಲ್ಲಿ ಚರಂಡಿಯ ನೀರು ನೇರವಾಗಿ ಹೊಳೆಗೆ ಬೀಳದಂತೆ ಹೂಳುಗುಂಡಿಗಳೂ ಹುಲ್ಲಿನ ಪಟ್ಟಿಗಳೂ ಇರಬೇಕು. ಕೊಟ್ಟಿಗೆಹಾರದಲ್ಲಿ ಇಳಿಯುವ ಮುನ್ನ ಕಾಣುವಂತೆ "ಕೆಳಗೇರಿನಲ್ಲಿ ಇಳಿಯಿರಿ" ಎಂಬ ದೊಡ್ಡ ಫಲಕ, ದಾರಿಯಲ್ಲಿ ವಾಹನ ತಣಿಸಿಕೊಳ್ಳಲು ಸುರಕ್ಷಿತ ತಂಗುತಾಣಗಳು ಬೇಕು. ಇವಾವುವೂ ಕೋಟಿಗಟ್ಟಲೆ ಹಣದ ಬೇಡಿಕೆಗಳಲ್ಲ.

ಕೊನೆಯ ಕೆಲಸ ಮೂಡುಬಿದಿರೆ, ಉಜಿರೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ. ಘಾಟಿಯ ಕಡಿದಾದ ತಿರುವಿನ ಅಂಚಿನ ಧೂಳು, ಸಮತಟ್ಟಾದ ಹೆದ್ದಾರಿಯ ಧೂಳು, ವಾಹನ ಹೋಗದ ಓಣಿಯ ಧೂಳು ಇವುಗಳನ್ನು ಸಮತೂಕದಲ್ಲಿ ತಂದು ಒಣಗಿಸಿ ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ ತೂಗಬಹುದು. ಇಲ್ಲಿನ ಕೆಂಪು ಮಣ್ಣಿನಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣಗಳಿರುವುದರಿಂದ ಓಣಿಯ ಮಾದರಿಯನ್ನು ಹೋಲಿಕೆಗೆ ಇಟ್ಟುಕೊಳ್ಳಲೇಬೇಕು. ಏಪ್ರಿಲಿನಲ್ಲಿ ಒಮ್ಮೆ, ಮೊದಲ ಮಳೆಯ ಮರುದಿನ ಒಮ್ಮೆ ತೂಗಿದರೆ ಹೊಳೆಗೆ ಹೋದದ್ದೆಷ್ಟೆಂಬ ಅಂದಾಜು ಊರಿನ ಕೈಗೇ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಹುಟ್ಟಿದ್ದೂ ಮೂಲವನ್ನು ಹುಡುಕಿ ಲೆಕ್ಕವಿಟ್ಟವರಿಂದಲೇ.

ಮಿತ್ರರೇ, ಸ್ಟಿಯರಿಂಗಿನ ನಡುಕ ಮಾಲಿಕನಿಗೆ ಬಂದ ಮೊದಲ ನೋಟಿಸು. ಆ ನೋಟಿಸನ್ನು ಓದಿ ಗೇರು ಇಳಿಸಿದವನು ತನ್ನ ಪ್ಯಾಡನ್ನೂ ಉಳಿಸಿಕೊಳ್ಳುತ್ತಾನೆ, ಎದುರಿನಿಂದ ಬರುವವನ ಜೀವವನ್ನೂ ಉಳಿಸುತ್ತಾನೆ. ತುಂಬೆಯ ನೀರಿಗೆ ಸೇರಬಹುದಾಗಿದ್ದ ಪುಡಿಯಲ್ಲಿ ತನ್ನ ಪಾಲನ್ನು ಕಡಿಮೆ ಮಾಡುವುದೂ ಅದೇ ಗೇರಿನ ಕೋಲಿನಿಂದಲೇ ಸಾಧ್ಯವಾಗುತ್ತದೆ. ಇದಕ್ಕೆ ಅನುದಾನ ಬೇಕಾಗಿಲ್ಲ, ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಕೊಟ್ಟಿಗೆಹಾರದಿಂದ ಇಳಿಯುವಾಗ ಮೊದಲ ತಿರುವಿನಲ್ಲೇ ಇದನ್ನು ಆರಂಭಿಸಬಹುದು.